ನಡುಗುವ ಕೈಗೆ ಎಣ್ಣೆ ಹಚ್ಚುವ ಮುನ್ನ

ಶರೀರದಲ್ಲಿ ನಡೆಯುವ ಚಲನೆಯೆಲ್ಲವೂ ವಾಯುವಿನ ಅಧೀನವೆಂಬುದು ಆಯುರ್ವೇದದ ಮೂಲ ಸಿದ್ಧಾಂತಗಳಲ್ಲೊಂದು. ಆದ್ದರಿಂದ ಕೈ ನಡುಗಿದರೂ, ಕಾಲು ಎಳೆದರೂ, ಬಾಯಿ ಸೊಟ್ಟಗಾದರೂ ನಮ್ಮ ಹಳ್ಳಿಗಳಲ್ಲಿ ಮೊದಲು ಹೊರಡುವ ಮಾತು 'ವಾಯು ಆಗೇದ' ಎಂಬುದೇ. ಮಾತು ತಪ್ಪಲ್ಲ. ಆದರೆ ವಾಯು ಏಕೆ ಕೆರಳಿತು ಎಂಬ ಎರಡನೆಯ ಪ್ರಶ್ನೆಯನ್ನು ಕೇಳದೆ ಎಣ್ಣೆಯ ಬಟ್ಟಲನ್ನು ಕೈಗೆತ್ತಿಕೊಳ್ಳುವುದು ತಪ್ಪು. ಈ ತಿಂಗಳು ನಾವು ಸದ್ಭಕ್ತರ ಮುಂದಿಡುವ ವಿಷಯ ಆ ಎರಡನೆಯ ಪ್ರಶ್ನೆಗೆ ಸಂಬಂಧಿಸಿದ್ದು. ದೇಹದ ಬೇರೊಂದು ಅಂಗದಲ್ಲಿ ಹುಟ್ಟಿದ ಅರ್ಬುದ, ಅಂದರೆ ಕ್ಯಾನ್ಸರ್, ಮೆದುಳಿಗೆ ಹರಡಿ ಕೈಕಾಲುಗಳ ಚಲನೆಯನ್ನು ಕೆಡಿಸುವುದುಂಟು. ಇದು ದಿನನಿತ್ಯ ಕಾಣುವ ಕಾಯಿಲೆಯಲ್ಲ. ಆದರೆ ಕಂಡಾಗ ಅದನ್ನು ವಾತರೋಗವೆಂದೋ ಲಕ್ವವೆಂದೋ ಬಗೆದು ಮನೆಯಲ್ಲಿ ವಾರಗಟ್ಟಲೆ ಕಳೆಯುವವರು ಬಹಳ. ಆ ವಾರಗಳು ಮರಳಿ ಸಿಗುವುದಿಲ್ಲ.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯ ವಾತವ್ಯಾಧಿಗೇ ಮೀಸಲು. ವಾಯು ಪ್ರಕೋಪಗೊಳ್ಳುವ ಎರಡು ದಾರಿಗಳನ್ನು ಅಲ್ಲಿ ಹೇಳಲಾಗಿದೆ. ಒಂದು ಧಾತುಕ್ಷಯ. ವಯಸ್ಸು, ಉಪವಾಸ, ಅತಿಶ್ರಮಗಳಿಂದ ಶರೀರ ಸವೆದಾಗ ಬರಿದಾದ ಎಡೆಯಲ್ಲಿ ವಾಯು ಕೆರಳುತ್ತದೆ. ಇನ್ನೊಂದು ಮಾರ್ಗಾವರಣ. ವಾಯು ಸಂಚರಿಸುವ ದಾರಿಗೆ ಏನೋ ಅಡ್ಡ ಬಂದು ಅದು ದಿಕ್ಕೆಟ್ಟು ವರ್ತಿಸುತ್ತದೆ. ಮೊದಲನೆಯದಕ್ಕೆ ಎಣ್ಣೆ, ತುಪ್ಪ, ವಿಶ್ರಾಂತಿಗಳು ಹಿತ. ಎರಡನೆಯದರಲ್ಲಿ ಅಡ್ಡ ಬಂದುದನ್ನು ನಿವಾರಿಸದೆ ಹೊರಗಿನಿಂದ ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ. ಕಾಲುವೆಯ ಬಾಯಿಗೆ ಬಂಡೆ ಬಿದ್ದು ಹೊಲಕ್ಕೆ ನೀರು ಬಾರದಿದ್ದಾಗ ಹೊಲವನ್ನು ಹರಗಿದರೆ ನೀರು ಬಂದೀತೆ?

ಮೆದುಳಿನೊಳಗಿನ ಗಡ್ಡೆಯನ್ನು ಚರಕಾಚಾರ್ಯರು ಕಂಡು ಬರೆದರೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿ ಶಾಸ್ತ್ರದ ಗೌರವ ಹೆಚ್ಚಿಸಿದೆವೆಂದು ತಿಳಿಯುವವರ ಸಾಲಿಗೆ ನಾವು ಸೇರಿದವರಲ್ಲ. ಅವರು ಕೊಟ್ಟುಹೋದದ್ದು ವಿಚಾರ ಮಾಡುವ ಕ್ರಮ. ಅದೇ ರೀತಿ ಸುಶ್ರುತ ಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಅರ್ಬುದದ ವರ್ಣನೆ ಇದೆ. ದುಂಡಗೆ, ಅಲುಗದೆ, ನಿಧಾನವಾಗಿ ಬೆಳೆದು ಆಳಕ್ಕೆ ಬೇರೂರುವ, ಕೀವುಗೂಡದ ಗಡ್ಡೆ ಅದು. ಒಂದು ಅರ್ಬುದದ ಮೇಲೆ ಹುಟ್ಟುವ ಇನ್ನೊಂದನ್ನು ಅಧ್ಯರ್ಬುದವೆಂದೂ, ಜೊತೆಯಾಗಿಯೋ ಒಂದರ ಬಳಿಕ ಒಂದಾಗಿಯೋ ಹುಟ್ಟುವುದನ್ನು ದ್ವಿರರ್ಬುದವೆಂದೂ ಕರೆದು, ಇದು ಅಸಾಧ್ಯವೆಂದು ಸುಶ್ರುತರು ಎಚ್ಚರಿಸಿದ್ದಾರೆ. ಅರ್ಬುದವು ತನ್ನ ಹುಟ್ಟಿದ ಸ್ಥಳದಲ್ಲೇ ನಿಲ್ಲದೆಂಬುದನ್ನು ಪ್ರಾಚೀನರು ಗಮನಿಸಿದ್ದರೆಂಬುದಕ್ಕೆ ಇಷ್ಟು ಸಾಕು.

ಅದು ಹರಡುವ ಬಗೆಯನ್ನು 1889ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಎಂಬುವರು ಬೀಜ ಮತ್ತು ಮಣ್ಣಿನ ಹೋಲಿಕೆಯಿಂದ ವಿವರಿಸಿದರು. ಬೀಜ ಎಲ್ಲೆಡೆ ಹಾರುತ್ತದೆ, ತನಗೊಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ. ಎರೆಭೂಮಿಯ ರೈತರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ; ಕಡಲೆಗೆ ಹಿತವಾದ ನೆಲ ಭತ್ತಕ್ಕೆ ಹಿತವಲ್ಲ. ಶ್ವಾಸಕೋಶ, ಸ್ತನ, ಮೂತ್ರಪಿಂಡ, ದೊಡ್ಡಕರುಳು ಹಾಗೂ ಚರ್ಮದ ಮೆಲನೋಮಾ ಎಂಬ ಕಪ್ಪುಗಡ್ಡೆ, ಇವುಗಳ ಕಣಗಳಿಗೆ ಮೆದುಳು ಒಗ್ಗುವ ಮಣ್ಣು. ನಮ್ಮ ಭಾಗದಲ್ಲಿ ತಂಬಾಕು, ಗುಟ್ಕಾಗಳಿಂದ ಬಹಳವಾಗಿ ಕಾಣುವ ಬಾಯಿಯ ಕ್ಯಾನ್ಸರ್ ಸಾಮಾನ್ಯವಾಗಿ ಕತ್ತಿನ ಗ್ರಂಥಿಗಳಿಗೆ ಹರಡುತ್ತದೆಯೇ ಹೊರತು ಮೆದುಳಿಗೆ ಹೋಗುವುದು ವಿರಳ. ಬೀಡಿ ಸೇದುವವರಲ್ಲಿ ಹೆಚ್ಚಾಗಿ ಕಾಣುವ ಶ್ವಾಸಕೋಶದ ಕ್ಯಾನ್ಸರ್ ಹಾಗಲ್ಲ. ಎಷ್ಟೋ ವೇಳೆ ಎದೆಯಲ್ಲಿ ಗಡ್ಡೆಯಿದೆ ಎಂಬುದು ಯಾರಿಗೂ ತಿಳಿಯದಿರುವಾಗಲೇ ಮೆದುಳಿನ ಲಕ್ಷಣ ಮೊದಲು ಕಾಣಿಸಿಕೊಳ್ಳುತ್ತದೆ. ಸ್ತನದ ಕ್ಯಾನ್ಸರ್ ಇನ್ನೊಂದು ಬಗೆಯದು. ಶಸ್ತ್ರಚಿಕಿತ್ಸೆಯಾಗಿ ಐದು, ಎಂಟು, ಹತ್ತು ವರ್ಷಗಳು ಸುಖವಾಗಿ ಕಳೆದ ಮೇಲೂ ಅದು ಮರಳಬಹುದು.

ಮೆದುಳಿನ ತೂಕ ದೇಹದ ತೂಕದಲ್ಲಿ ಪ್ರತಿಶತ 2ರಷ್ಟು ಮಾತ್ರ. ಆದರೆ ಹೃದಯ ಹೊರದೂಡುವ ರಕ್ತದಲ್ಲಿ ಪ್ರತಿಶತ 15ರಿಂದ 20ರಷ್ಟು ಅದಕ್ಕೆ ಸಲ್ಲುತ್ತದೆ. ರಕ್ತದೊಡನೆ ತೇಲಿಬಂದ ಕಣಗಳು ಮೆದುಳಿನ ಹೊರಪದರದ ಅಂಚಿನಲ್ಲಿ, ರಕ್ತನಾಳಗಳು ಒಮ್ಮೆಲೇ ಕಿರಿದಾಗುವ ಎಡೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಮಲಪ್ರಭಾ ಕಾಲುವೆಯಲ್ಲಿ ತೇಲಿಬರುವ ಕಸ ದೊಡ್ಡ ಕಾಲುವೆಯಲ್ಲಿ ನಿಲ್ಲುವುದಿಲ್ಲ, ಹೊಲಗಾಲುವೆಯ ಕಿರಿದಾದ ಬಾಯಲ್ಲಿ ನಿಲ್ಲುತ್ತದೆ, ಹಾಗೆ. ಹೀಗೆ ಹರಡಿದ ಗಡ್ಡೆಗಳಲ್ಲಿ ಪ್ರತಿಶತ 80ರಷ್ಟು ದೊಡ್ಡ ಮೆದುಳಿನಲ್ಲಿ, 15ರಷ್ಟು ಕಿರುಮೆದುಳಿನಲ್ಲಿ, 5ರಷ್ಟು ಮೆದುಳಿನ ಕಾಂಡದಲ್ಲಿ ನೆಲೆಸುತ್ತವೆ. ನೆಲೆಸಿದ ಸ್ಥಳ ಯಾವುದೋ ಅದಕ್ಕೆ ತಕ್ಕಂತೆ ಚಲನೆ ಕೆಡುತ್ತದೆ.

ಇಲ್ಲಿ ಸ್ವಲ್ಪ ನಿಧಾನಿಸೋಣ. ಈ ಲಕ್ಷಣಗಳನ್ನು ಮೊದಲು ಕಾಣುವವರು ವೈದ್ಯರಲ್ಲ, ಮನೆಯವರು. ಕಾಣುವುದು ದವಾಖಾನೆಯಲ್ಲಲ್ಲ, ಅಡುಗೆಮನೆಯಲ್ಲಿ, ಪೂಜೆಯ ಮಣೆಯ ಮೇಲೆ, ಹೊಲದ ಬದುವಿನ ಮೇಲೆ.

ದೊಡ್ಡ ಮೆದುಳಿನಲ್ಲಿ ಕೈಕಾಲುಗಳನ್ನು ಆಡಿಸುವ ಪಟ್ಟಿಯೊಂದಿದೆ. ಬಲಭಾಗದ ಪಟ್ಟಿ ಎಡಗೈ, ಎಡಗಾಲುಗಳನ್ನೂ, ಎಡಭಾಗದ್ದು ಬಲಗಡೆಯವನ್ನೂ ಆಳುತ್ತದೆ. ಗಡ್ಡೆ ಅಲ್ಲಿದ್ದರೆ ಸಾಮಾನ್ಯವಾಗಿ ಕಾಣುವುದು ಬಲಹೀನತೆ. ಆದರೆ ಲಕ್ವದಂತೆ ಒಂದೇ ಏಟಿಗೆ ಅಲ್ಲ, ದಿನದಿಂದ ದಿನಕ್ಕೆ. ಒಂದು ಕಾಲಿನ ಚಪ್ಪಲಿ ದಾರಿಯಲ್ಲಿ ಜಾರಿ ಬಿದ್ದದ್ದು ತಿಳಿಯದೆ ಮುಂದೆ ನಡೆದುಹೋಗುತ್ತಾರೆ. ರೊಟ್ಟಿ ಬಡಿಯುವ ತಾಯಿಯ ಒಂದು ಕೈ ಸೋತು ರೊಟ್ಟಿ ಒಂದು ಬದಿಗೆ ದಪ್ಪವಾಗುತ್ತದೆ. ಅಂಗಿಯ ಗುಂಡಿ ಹಾಕಲು ಮಗನನ್ನು ಕರೆಯುತ್ತಾರೆ. ಇದೇ ಪಟ್ಟಿ ಕೆರಳಿದರೆ ಬಲಹೀನತೆಯ ಬದಲು ಅದುರುವಿಕೆ ಕಾಣುತ್ತದೆ. ಹೆಬ್ಬೆರಳಿನಲ್ಲಿ ಆರಂಭವಾಗಿ ಮಣಿಕಟ್ಟು, ಮೊಳಕೈ, ಭುಜ, ಕಡೆಗೆ ಅದೇ ಬದಿಯ ತುಟಿಯವರೆಗೆ ಅದುರು ಏರುತ್ತ ಹೋಗುತ್ತದೆ. ಒಂದೆರಡು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಪ್ರಜ್ಞೆ ತಪ್ಪಿರುವುದಿಲ್ಲವಾದ್ದರಿಂದ ಇದು ಮೂರ್ಛೆರೋಗದ ಒಂದು ಬಗೆಯೆಂದು ಯಾರಿಗೂ ಹೊಳೆಯುವುದಿಲ್ಲ. ಹೀಗೆ ಏರುವ ಅದುರನ್ನು 19ನೆಯ ಶತಮಾನದಲ್ಲಿಯೇ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ನರವೈದ್ಯರು ವಿವರಿಸಿದ್ದರು. ವಯಸ್ಸಾದವರಲ್ಲಿ ಇದು ಹೊಸದಾಗಿ ತೋರಿದರೆ ಅಂದೇ ಎಚ್ಚರಗೊಳ್ಳಬೇಕು.

ಕಿರುಮೆದುಳಿನಲ್ಲಿ ಗಡ್ಡೆ ಬೆಳೆದರೆ ಬಲ ಕುಂದುವುದಿಲ್ಲ, ಅಳತೆ ತಪ್ಪುತ್ತದೆ. ನೀರಿನ ಚೊಂಬನ್ನು ಹಿಡಿಯಹೋದ ಕೈ ಚೊಂಬನ್ನು ದಾಟಿ ಮುಂದೆ ಹೋಗುತ್ತದೆ. ತುತ್ತು ಬಾಯಿಯ ಸಮೀಪ ಬಂದಷ್ಟೂ ಕೈ ಹೆಚ್ಚು ನಡುಗುತ್ತದೆ. ದಾಸೋಹದ ಪಂಕ್ತಿಯಲ್ಲಿ ವರ್ಷಗಳಿಂದ ಸಾರು ಬಡಿಸುತ್ತಿದ್ದವರ ಸವಟು ಎಲೆಯ ಹೊರಗೆ ಸುರಿಯುತ್ತದೆ. ಕಾಲುಗಳನ್ನು ಅಗಲವಿಟ್ಟು ಕುಡಿದವರಂತೆ ತೂರಾಡಿ ನಡೆಯುತ್ತಾರೆ. ಎಂದೂ ಹೆಂಡ ಮುಟ್ಟದವರನ್ನು ಊರು ಅಪಹಾಸ್ಯ ಮಾಡುವುದೂ ಉಂಟು. ಇದರೊಡನೆ ಬೆಳಗಿನ ಜಾವದ ತಲೆನೋವು, ವಾಂತಿಗಳಿದ್ದರೆ ತಡಮಾಡಲೇಬಾರದು. ಕಿರುಮೆದುಳಿನ ಗಡ್ಡೆ ಮೆದುಳಿನ ನೀರು ಹರಿಯುವ ಕಿರಿದಾದ ದಾರಿಯನ್ನು ಮುಚ್ಚಬಲ್ಲದು. ಆಗ ತೊಂದರೆ ದಿನಗಳಲ್ಲಲ್ಲ, ಗಂಟೆಗಳಲ್ಲಿ ಬೆಳೆಯುತ್ತದೆ.

ಇವೆರಡೂ ಅಲ್ಲದೆ ಮೆದುಳಿನ ಆಳದ ನರಗಂಟುಗಳಿಗೆ ಗಡ್ಡೆ ತಾಗುವುದು ಬಹು ಅಪರೂಪ. ಅಲ್ಲಿ ಕಡಲೆಕಾಳಿನ ಗಾತ್ರದ ಒಂದು ಗಂಟಿದೆ; ಅದು ಕೆಟ್ಟರೆ ಎದುರುಬದಿಯ ಕೈಕಾಲುಗಳು ಯಾರೋ ಎಸೆದಂತೆ ತಾವಾಗಿಯೇ ಹಾರುತ್ತವೆ. ಇದನ್ನು ಕಂಡವರು ದೇವರು ಮೈಮೇಲೆ ಬಂದಿತೆಂದೋ ಗಾಳಿ ಸೋಕಿತೆಂದೋ ತಿಳಿದು ಬೇವಿನ ಸೊಪ್ಪು ಹಿಡಿದರೆ ಆಶ್ಚರ್ಯವಿಲ್ಲ. ಶರಣರ ಮಾರ್ಗದಲ್ಲಿ ನಡೆಯುವ ನಮಗಂತೂ ಇಂಥ ನಂಬಿಕೆ ಒಪ್ಪುವಂಥದಲ್ಲ. ಒಂದು ಗುರುತು ನೆನಪಿರಲಿ: ನಿದ್ರೆ ಹತ್ತಿದೊಡನೆ ಈ ಹಾರಾಟ ಸಾಮಾನ್ಯವಾಗಿ ಬಹುಮಟ್ಟಿಗೆ ಶಮನವಾಗುತ್ತದೆ, ಎಚ್ಚರವಾದೊಡನೆ ಮರಳುತ್ತದೆ.

ತಿರ್ಲಾಪುರ ಸೀಮೆಯ ಒಬ್ಬ ತಾಯಿ ನಮ್ಮಲ್ಲಿಗೆ ಬಂದು ಹೇಳಿದ ಮೊದಲ ಮಾತು, "ಡಾಕ್ಟರ್ರ, ಲಿಂಗ ಅಂಗೈಯಾಗ ನಿಲ್ಲವಲ್ದು" ಎಂದು. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನಿಲ್ಲಿಸಿ ಕುಳಿತಾಗ ಎಡಗೈಯ ಹೆಬ್ಬೆರಳು ಅದುರುತ್ತಿತ್ತು. ಅಷ್ಟು ಸಣ್ಣ ಅದುರು ಬೇರೆ ಕೆಲಸದಲ್ಲಿ ಗಮನಕ್ಕೆ ಬರುವಂಥದಲ್ಲ. ಅಂಗೈಯನ್ನೇ ನೋಡುತ್ತ ಕೂರುವವರಿಗೆ ಮಾತ್ರ ಬಂದೀತು. ಮನೆಯವರು ಒಂದೂವರೆ ತಿಂಗಳು ಎಣ್ಣೆ ತಿಕ್ಕಿಸಿದ್ದರು. ಅಷ್ಟರಲ್ಲಿ ಎಡಗಾಲೂ ಎಳೆಯತೊಡಗಿತ್ತು. ಹಿಂದೆ ಯಾವುದಾದರೂ ಗಡ್ಡೆ ತೆಗೆಸಿದ್ದುಂಟೇ ಎಂದು ಕೇಳಿದೆವು. ಮಗ ಇಲ್ಲವೆಂದ. ಸೊಸೆ ನೆಲ ನೋಡುತ್ತಿದ್ದಳು. ಮಗನನ್ನು ಹೊರಗೆ ಕಳಿಸಿ ಇನ್ನೊಮ್ಮೆ ಕೇಳಿದಾಗ ಆ ತಾಯಿಯೇ ಸೆರಗು ಸರಿಪಡಿಸಿಕೊಳ್ಳುತ್ತ, ಆರು ವರ್ಷದ ಹಿಂದೆ ಎದೆಯ ಗಡ್ಡೆ ತೆಗೆಸಿದ್ದನ್ನು ಹೇಳಿದರು. ಮೊಮ್ಮಗಳ ಲಗ್ನದ ಮಾತುಕತೆ ನಡೆದಿತ್ತು. 'ಆ ರೋಗ'ದ ಹೆಸರು ಬೀಗರ ಕಿವಿಗೆ ಬೀಳಬಾರದೆಂದು ಮನೆಯವರೆಲ್ಲ ಆ ಮಾತನ್ನೇ ಮರೆತವರಂತಿದ್ದರು. ಅದೇ ದಿನ ಹುಬ್ಬಳ್ಳಿಗೆ ಕಳಿಸಿದೆವು. ಎಂ.ಆರ್.ಐ. ಚಿತ್ರದಲ್ಲಿ ಮೆದುಳಿನ ಬಲಭಾಗದಲ್ಲಿ ಒಂದು ಗಡ್ಡೆ, ಅದರ ಸುತ್ತ ಅದಕ್ಕಿಂತ ದೊಡ್ಡದಾದ ಬಾವು ಕಂಡವು. ಬಾವು ಇಳಿಸುವ ಔಷಧಿ ಆರಂಭವಾದ ಮೂರನೆಯ ದಿನ ಅವರು ಹಿಡಿಸಿಕೊಳ್ಳದೆ ಎದ್ದು ನಡೆದರು. ಬಳಿಕ ವಿಕಿರಣ ಚಿಕಿತ್ಸೆಯಾಯಿತು. ಅವರು ಮುಂದೆ ಒಂದೂವರೆ ವರ್ಷ ಬದುಕಿದರು. ಅದರಲ್ಲಿ ಒಂದು ವರ್ಷಕ್ಕೂ ಮಿಕ್ಕಿ ತಮ್ಮ ಪೂಜೆಯನ್ನು ತಾವೇ ಮಾಡಿಕೊಂಡರು, ಮೊಮ್ಮಗಳ ಅಕ್ಕಿಕಾಳಿಗೂ ನಿಂತರು.

ಆ ಬಾವಿನ ಮಾತನ್ನು ಇನ್ನಷ್ಟು ತಿಳಿಸಬೇಕು, ಏಕೆಂದರೆ ಈ ಲೇಖನವೆಲ್ಲ ನಿಂತಿರುವುದು ಅದರ ಮೇಲೆಯೇ. ಗಡ್ಡೆ ನಾಶಮಾಡಿದ ನರಕಣಗಳು ಮರಳಿ ಹುಟ್ಟುವುದಿಲ್ಲ. ಆದರೆ ಕೈಕಾಲುಗಳ ತೊಂದರೆಯಲ್ಲಿ ದೊಡ್ಡ ಪಾಲು ಎಷ್ಟೋ ವೇಳೆ ನಾಶದಿಂದಲ್ಲ, ಸುತ್ತಲಿನ ಬಾವು ಒತ್ತುವುದರಿಂದ ಆಗಿರುತ್ತದೆ. ಒತ್ತಡ ಇಳಿದರೆ ಒತ್ತಿಹೋಗಿದ್ದ ಭಾಗ ಮತ್ತೆ ಕೆಲಸ ಮಾಡುತ್ತದೆ. ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಔಷಧಿ ಈ ಬಾವನ್ನು ಒಂದೆರಡು ದಿನಗಳಲ್ಲಿಯೇ ಇಳಿಸತೊಡಗುತ್ತದೆ. ಹಲವು ವಾರ ಒತ್ತಿಸಿಕೊಂಡ ಭಾಗ ಅಷ್ಟು ಸುಲಭವಾಗಿ ಚೇತರಿಸದು. ತಡಮಾಡಬೇಡಿರೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

ಸ್ಟೆರಾಯ್ಡ್ ಎಂದರೆ ವಿಷವೆಂದು ಭಾವಿಸುವ ಭಕ್ತರು ಅನೇಕರು. ಆಯುರ್ವೇದ ವೈದ್ಯರಾದ ನಾವು ಆ ಭಯಕ್ಕೆ ಬೆಂಬಲ ಕೊಡುವೆವೆಂದು ಅವರು ನಿರೀಕ್ಷಿಸುವುದೂ ಉಂಟು. ಈ ಸಂದರ್ಭದಲ್ಲಿ ಕೊಡಲಾರೆವು. ಅದರಿಂದ ಸಕ್ಕರೆ ಏರುವುದು, ನಿದ್ರೆ ಕೆಡುವುದು ನಿಜ. ಬಹಳ ದಿನ ಸೇವಿಸಿದರೆ ತೊಡೆಯ ಸ್ನಾಯು ಸೊರಗಿ ಕುಳಿತವರಿಗೆ ಏಳಲಾಗದು. ಇದನ್ನು ರೋಗವೇ ಹೆಚ್ಚಿತೆಂದು ತಿಳಿದು ಗಾಬರಿಯಾಗುವವರಿದ್ದಾರೆ. ಆದರೂ ವೈದ್ಯರು ಹೇಳದೆ ಅದನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ಬಾವು ಮರಳುವುದಲ್ಲದೆ, ದೇಹ ತಾನೇ ತಯಾರಿಸಿಕೊಳ್ಳುವ ಅದೇ ಬಗೆಯ ರಸವೂ ಆಗ ಸಾಕಷ್ಟು ಇರುವುದಿಲ್ಲ.

ಬಾವು ಇಳಿದ ಮೇಲೆ ಗಡ್ಡೆಗೆ ಚಿಕಿತ್ಸೆ. ಒಂದೇ ಗಡ್ಡೆಯಿದ್ದು ತಲುಪಬಹುದಾದ ಎಡೆಯಲ್ಲಿದ್ದರೆ ಶಸ್ತ್ರಚಿಕಿತ್ಸೆ; ಕೆಲವೇ ಇದ್ದು ಸಣ್ಣವಾಗಿದ್ದರೆ ಅವಕ್ಕಷ್ಟೇ ಗುರಿಯಿಟ್ಟ ವಿಕಿರಣ; ಬಹಳವಿದ್ದರೆ ಇಡೀ ಮೆದುಳಿಗೆ ವಿಕಿರಣ, ಸಾಮಾನ್ಯವಾಗಿ 10 ಸಲ. ಶ್ವಾಸಕೋಶ, ಸ್ತನಗಳ ಕೆಲವು ಬಗೆಯ ಕ್ಯಾನ್ಸರುಗಳಿಗೆ ಈಗ ಮೆದುಳನ್ನೂ ತಲುಪುವ ಮಾತ್ರೆಗಳು ಬಂದಿವೆ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಮೆಲನೋಮಾ ಮೆದುಳಿಗೆ ಹರಡಿದ್ದು 2015ರ ಆಗಸ್ಟಿನಲ್ಲಿ ಪ್ರಕಟವಾಯಿತು. ಆಗ ಅವರಿಗೆ 90 ವರ್ಷ. ವಿಕಿರಣ ಮತ್ತು ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಔಷಧಿಗಳಿಂದ ಅದೇ ವರ್ಷದ ಡಿಸೆಂಬರಿನಲ್ಲಿ ಗಡ್ಡೆಗಳು ಕಾಣದಾದವು. ಅವರು 100 ವರ್ಷ ಬಾಳಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಎಲ್ಲರಿಗೂ ಹೀಗಾಗುತ್ತದೆಂದು ಯಾರೂ ತಿಳಿಯಬಾರದು. ಬಹಳ ಜನರಿಗೆ ಉಳಿಯುವುದು ತಿಂಗಳುಗಳೇ. ಆದರೆ ಆ ತಿಂಗಳುಗಳನ್ನು ಹಾಸಿಗೆಯಲ್ಲಿ ಕಳೆಯುವುದಕ್ಕೂ, ತನ್ನ ಕೈಯಿಂದ ತಾನು ಉಂಡು, ತನ್ನ ಹಣೆಗೆ ತಾನು ವಿಭೂತಿ ಧರಿಸಿ ಕಳೆಯುವುದಕ್ಕೂ ಇರುವ ಅಂತರವನ್ನು ಭಕ್ತರಿಗೆ ಹೇಳಬೇಕೇ?

ಇಷ್ಟು ಓದಿ ಕೈ ನಡುಗುವವರೆಲ್ಲ ಕ್ಯಾನ್ಸರಿನ ಭಯಕ್ಕೆ ಬೀಳುವುದು ಬೇಡ. ವೃದ್ಧರ ನಡುಕಕ್ಕೆ ಬಹುಮಟ್ಟಿಗೆ ಕಾರಣ ಬೇರೆಯೇ. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ರೋಗದಲ್ಲಿ ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ನಡುಗಿ, ಕೆಲಸಕ್ಕೆ ತೊಡಗಿದಾಗ ಕಡಿಮೆಯಾಗುತ್ತದೆ. ವರ್ಷಗಳ ಮೇಲೆ ನಿಧಾನವಾಗಿ ಬೆಳೆಯುತ್ತದೆ. ಶಿವಭಕ್ತನಾದ ವೈದ್ಯ ಬಸವರಾಜನ 'ಬಸವರಾಜೀಯಂ' ಗ್ರಂಥದಲ್ಲಿ ಕಂಪವಾತವೆಂದು ಕೈಕಾಲುಗಳ ನಡುಕ, ನಿದ್ರಾಭಂಗ, ಬುದ್ಧಿಯ ಕ್ಷೀಣತೆಗಳನ್ನು ಹೇಳಿರುವುದು ಇದಕ್ಕೆ ಹತ್ತಿರವಾಗಿದೆ. ಅದಕ್ಕೆ ಆಯುರ್ವೇದದಲ್ಲಿ ಬಳಸುವ ನಸುಗುನ್ನಿಯ ಬೀಜದಿಂದ 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು ಲೆವೊಡೋಪಾ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಇಂದು ಪಾರ್ಕಿನ್ಸನ್ ರೋಗಕ್ಕೆ ಕೊಡುವ ಮುಖ್ಯ ಮಾತ್ರೆಯಲ್ಲಿರುವುದು ಅದೇ. ಆ ರೋಗದಲ್ಲಿ ಮೆದುಳಿನ ಒಂದು ರಸ ಕಡಿಮೆಯಾಗಿರುತ್ತದೆ, ನಸುಗುನ್ನಿ ಅದನ್ನು ತುಂಬುತ್ತದೆ. ಗಡ್ಡೆಯ ಒತ್ತಡದಿಂದಾದ ನಡುಕದಲ್ಲಿ ತುಂಬಬೇಕಾದ ಕೊರತೆಯೇ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಪಕ್ಕದ ಮನೆಯವರಿಗೆ ಗುಣ ಕೊಟ್ಟಿತೆಂದು ಆ ಚೂರ್ಣವನ್ನು ಇಲ್ಲಿ ನುಂಗಿಸಬೇಡಿರಿ.

ಕ್ಯಾನ್ಸರ್ ಇರುವವರಲ್ಲಿಯೂ ಚಲನೆ ಕೆಡಲು ಗಡ್ಡೆಯೇ ಕಾರಣವಾಗಿರಬೇಕೆಂದಿಲ್ಲ. ವಾಂತಿ ನಿಲ್ಲಿಸಲು ಕೊಡುವ ಮೆಟೊಕ್ಲೋಪ್ರಮೈಡ್ ಕೆಲವರಲ್ಲಿ ಕತ್ತು ತಿರುಚಿಸುತ್ತದೆ, ಕಣ್ಣುಗುಡ್ಡೆಗಳನ್ನು ಮೇಲಕ್ಕೆ ನಿಲ್ಲಿಸುತ್ತದೆ. ಔಷಧಿ ನಿಲ್ಲಿಸಿ ಮದ್ದು ಕೊಟ್ಟರೆ ಸರಿಹೋಗುತ್ತದೆ. ಮೂರ್ಛೆಗೆ ಕೊಡುವ ಫೆನಿಟಾಯಿನ್ ಪ್ರಮಾಣ ಮೀರಿದರೆ ತೂರಾಟ ಬರುತ್ತದೆ. ಸಕ್ಕರೆ ಮಿತಿಮೀರಿ ಏರಿದಾಗಲೂ ಒಂದು ಬದಿಯ ಕೈಕಾಲು ಕುಣಿಯುವುದುಂಟು. ಇನ್ನೂ ಅಪರೂಪವಾಗಿ, ಮೆದುಳಿಗೆ ಕ್ಯಾನ್ಸರ್ ಹರಡದೆಯೇ, ಅದರ ವಿರುದ್ಧ ದೇಹ ಹೂಡಿದ ರಕ್ಷಣೆಯೇ ದಾರಿತಪ್ಪಿ ಕಿರುಮೆದುಳನ್ನು ಕೆಡಿಸುತ್ತದೆ. ಇವನ್ನೆಲ್ಲ ಬೇರ್ಪಡಿಸುವುದು ನಾಡಿಯಿಂದ ಆಗುವ ಕೆಲಸವಲ್ಲ. ರಕ್ತಪರೀಕ್ಷೆ, ಮತ್ತು ಬಣ್ಣದ ಇಂಜೆಕ್ಷನ್ ಕೊಟ್ಟು ಮಾಡುವ ಎಂ.ಆರ್.ಐ. ಬೇಕೇಬೇಕು.

ಎಣ್ಣೆಯ ವಿಷಯ ಇನ್ನೊಂದು ಮಾತು. ಮೆದುಳಿಗೆ ಹರಡಿದ ಕ್ಯಾನ್ಸರ್ ಎಲುಬಿಗೂ ಹರಡಿರಬಹುದು. ಅಂಥ ಎಲುಬು ಗೆದ್ದಲು ತಿಂದ ತೊಲೆಯಂತೆ. ಬಲವಾಗಿ ತಿಕ್ಕಿ ಎಳೆದರೆ ಮುರಿದೀತು. ಶಿರೋಧಾರಾ, ನಸ್ಯ, ಬಸ್ತಿ ಮೊದಲಾದ ಉಪಕ್ರಮಗಳನ್ನೂ ತಲೆಯೊಳಗೆ ಒತ್ತಡವಿರುವಾಗ ನಾವು ಮಾಡುವುದಿಲ್ಲ, ಮಾಡಿಸಿಕೊಳ್ಳಬೇಡಿರೆಂದೂ ಹೇಳುತ್ತೇವೆ. ಪಾದರಸ, ಭಸ್ಮಗಳಿರುವ ಔಷಧಿಗಳನ್ನು ಕ್ಯಾನ್ಸರ್ ತಜ್ಞರಿಗೆ ತಿಳಿಸದೆ ಸೇವಿಸಬಾರದು. ಆಯುರ್ವೇದಕ್ಕೆ ಇಲ್ಲಿ ಸ್ಥಳವಿಲ್ಲವೆಂದಲ್ಲ. ನೋವಿನ ಮಾತ್ರೆಗಳಿಂದಾಗುವ ಮಲಬದ್ಧತೆ, ಹಸಿವಿನ ಮಂದತೆ, ನಿದ್ರೆಯ ಕೊರತೆ, ಬಾಯಿಯ ಒಣಗುವಿಕೆಗಳಲ್ಲಿ ನಮ್ಮ ಆಹಾರಕ್ರಮ ಬಹಳ ನೆರವಾಗುತ್ತದೆ. ಹೆಸರುಬೇಳೆಯ ಕಟ್ಟು, ಅಕ್ಕಿಯ ತೆಳು ಗಂಜಿ, ಸ್ವಲ್ಪ ತುಪ್ಪ. ನುಂಗುವಾಗ ಕೆಮ್ಮು ಬರುವವರಿಗೆ ತೆಳುವಿಗಿಂತ ಗಟ್ಟಿ ಗಂಜಿಯೇ ಮೇಲು.

ಅದುರು ದೊಡ್ಡದಾಗಿ ಪ್ರಜ್ಞೆ ತಪ್ಪಿದರೆ ಮಗ್ಗುಲಾಗಿ ಮಲಗಿಸಿರಿ, ಕತ್ತಿನ ಬಳಿ ಬಟ್ಟೆ ಸಡಿಲಿಸಿರಿ. ಕೈಗೆ ಕೀಲಿಕೈ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಬಾಯಿಗೆ ನೀರು ಹಾಕುವುದು, ಇವೊಂದೂ ಬೇಡ. 5 ನಿಮಿಷದೊಳಗೆ ನಿಲ್ಲದಿದ್ದರೆ 108ಕ್ಕೆ ಕರೆಮಾಡಿರಿ.

ನವಲಗುಂದ ಸೀಮೆಯವರಿಗೆ ಹುಬ್ಬಳ್ಳಿಯೇ ಹತ್ತಿರ. ವಿದ್ಯಾನಗರದಲ್ಲಿರುವ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆ ಮತ್ತು ನವನಗರದ ಕ್ಯಾನ್ಸರ್ ಆಸ್ಪತ್ರೆ ಅಲ್ಲಿವೆ. ಅದಕ್ಕೂ ಮಿಕ್ಕಿದ್ದಕ್ಕೆ ಬೆಂಗಳೂರಿನ ಕಿದ್ವಾಯಿ ಮತ್ತು ನಿಮ್ಹಾನ್ಸ್ ಸಂಸ್ಥೆಗಳಿವೆ. ಬಿ.ಪಿ.ಎಲ್. ಕಾರ್ಡು ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಹೋಗುವಾಗ ರೇಷನ್ ಕಾರ್ಡು, ಆಧಾರ್ ಕಾರ್ಡುಗಳೊಡನೆ ಹಿಂದಿನ ಶಸ್ತ್ರಚಿಕಿತ್ಸೆಯ ಕಾಗದಗಳನ್ನೂ, ಗಡ್ಡೆಯ ಪರೀಕ್ಷೆಯ ವರದಿಯನ್ನೂ ಒಯ್ಯಿರಿ. ಎಷ್ಟೋ ಮನೆಗಳಲ್ಲಿ ಆ ಕಾಗದಗಳನ್ನು ನೆಂಟರ ಕಣ್ಣಿಗೆ ಬೀಳಬಾರದೆಂದು ಸುಟ್ಟಿರುತ್ತಾರೆ. ಸುಟ್ಟಿದ್ದರೆ ಯಾವ ಊರಿನ ಯಾವ ಆಸ್ಪತ್ರೆ, ಯಾವ ವರ್ಷ ಎಂಬುದನ್ನಾದರೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ. ಹೆಚ್ಚಿನ ಆಸ್ಪತ್ರೆಗಳು ಹಳೆಯ ದಾಖಲೆಗಳನ್ನು ಕೆಲವು ವರ್ಷ ಇಟ್ಟಿರುತ್ತವೆ, ಕೇಳಿದರೆ ನಕಲು ಸಿಗುತ್ತದೆ.